ಮಾಂತ್ರಿಕ ದೈತ್ಯ ವಾನರನಾದರೆ ಫೈಟರ್‌ಗೇನು ಕೆಲಸ? ರೂಪಾಂತರದ ನಿಯಮ ಆರಿಸುವ ಬಗೆ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂದರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟ. ಅದರ 2014ರ ನಿಯಮಗಳಲ್ಲಿ ಏಳನೇ ಲೆವೆಲ್ ಮುಟ್ಟಿದ ವಿಝರ್ಡ್‌ಗೆ, ಅಂದರೆ ಮಾಂತ್ರಿಕನಿಗೆ, ರೂಪ ಬದಲಿಸುವ ಪಾಲಿಮಾರ್ಫ್ ಎಂಬ ಸ್ಪೆಲ್ (ಮಂತ್ರ) ಸಿಗುತ್ತದೆ. ಅದೇ ಲೆವೆಲ್ಲಿನ ಫೈಟರ್‌ಗೆ (ಆಯುಧ ಹಿಡಿದು ಕಾದುವ ಪಾತ್ರ), ಮೈಕಟ್ಟು ಒಳ್ಳೆಯದೇ ಇದೆ ಎಂದುಕೊಂಡರೆ, 60 ಎಚ್‌ಪಿ, ಅಂದರೆ ಏಟು ತಿಂದು ನಿಲ್ಲುವ ಶಕ್ತಿಯ ಅಂಕಿ. ವಿಝರ್ಡ್‌ಗೆ 44ರ ಆಸುಪಾಸು. ಆ ವಿಝರ್ಡ್ ಸ್ಪೆಲ್ಲನ್ನು ತನ್ನ ಮೇಲೇ ಹಾಕಿಕೊಂಡು ಜೈಂಟ್ ಏಪ್, ಅಂದರೆ ದೈತ್ಯ ವಾನರ ಆದನೆಂದರೆ 157 ಎಚ್‌ಪಿ ಬರುತ್ತದೆ. ಸರದಿಗೆ ಎರಡು ಗುದ್ದು, ಗುದ್ದೊಂದಕ್ಕೆ 3ಡಿ10+6 (ಹತ್ತು ಮುಖದ ಮೂರು ಡೈಸ್ ಹಾಕಿ 6 ಸೇರಿಸಿದಷ್ಟು), ಸರಾಸರಿ 22. ದೊಡ್ಡ ಕತ್ತಿ ಹಿಡಿದ ಫೈಟರ್‌ನ ಎರಡು ಏಟು ಸೇರಿದರೂ ಆಗುವುದು ಆ ಒಂದು ಗುದ್ದಿನಷ್ಟೇ. ವಾನರನ ಎಚ್‌ಪಿ ಮುಗಿದರೆ ವಿಝರ್ಡ್ ಸಾಯುವುದಿಲ್ಲ. ಹೆಚ್ಚುವರಿ ಏಟಷ್ಟೇ ಅವನಿಗೆ ತಾಗುತ್ತದೆ, ಮಿಕ್ಕ ಎಚ್‌ಪಿಯೊಂದಿಗೆ ತನ್ನ ರೂಪದಲ್ಲಿ ಎದ್ದು ನಿಲ್ಲುತ್ತಾನೆ.

ತುಮಕೂರಿನಲ್ಲಿ ನಾವು ಭಾನುವಾರ ಮಧ್ಯಾಹ್ನ ಆಡುವ ಟೇಬಲ್‌ನಲ್ಲಿ ಈ ಲೆಕ್ಕ ನೋಡಿ ಫೈಟರ್ ಆಡುವ ಗೆಳೆಯ ಕೇಳಿದ್ದು ಒಂದೇ ಮಾತು: "ಹಂಗಾದ್ರೆ ನಾನ್ಯಾಕೆ ಇಲ್ಲಿ ಕೂತಿರ್ಲಿ ಮಗಾ?" ಅವನ ಪ್ರಶ್ನೆ ನ್ಯಾಯವಾದದ್ದು. ಈ ಬರಹದಲ್ಲಿರುವ ಪ್ರತಿ ನಿಯಮವನ್ನೂ ನಾನು ಅದೇ ಪ್ರಶ್ನೆಗೆ ಹಚ್ಚಿ ನೋಡಿದ್ದೇನೆ. ರೂಪ ಬದಲಿಸಿದವನು ಎಷ್ಟು ಬಲಶಾಲಿಯಾದ ಎಂಬುದು ನನಗೆ ಎರಡನೆಯ ಮಾತು. ಅವನ ಬಲ ಪಕ್ಕದಲ್ಲಿ ಕೂತವನ ಕೆಲಸವನ್ನು ಕಿತ್ತುಕೊಂಡಿತೇ ಎಂಬುದು ಮೊದಲನೆಯದು. ಕರಡಿಯಾಗುವ, ಹದ್ದಾಗುವ ಆಸೆ ಈ ಆಟದ ಅತ್ಯಂತ ಸೊಗಸಾದ ಆಸೆಗಳಲ್ಲಿ ಒಂದು. ಅದನ್ನು ಉಳಿಸಿಕೊಂಡೇ ಪಕ್ಕದವನ ಜಾಗವನ್ನೂ ಕಾಯುವ ನಿಯಮ ಬೇಕು.

ತೊಂದರೆ ಹುಟ್ಟುವ ಜಾಗ

ಮೂಲ ಇರುವುದು ಚಾಲೆಂಜ್ ರೇಟಿಂಗ್ ಎಂಬ ಸಂಖ್ಯೆಯಲ್ಲಿ. ಟೇಬಲ್‌ನಲ್ಲಿ ಎಲ್ಲರೂ ಸಿಆರ್ ಅನ್ನುತ್ತಾರೆ. ಪಾಲಿಮಾರ್ಫ್‌ನ ಷರತ್ತು ಹೀಗಿದೆ: ಹೊಸ ರೂಪ ಬೀಸ್ಟ್ ವರ್ಗದ ಪ್ರಾಣಿಯಾಗಿರಬೇಕು, ಅದರ ಸಿಆರ್ ಯಾರ ರೂಪ ಬದಲಾಗುತ್ತದೋ ಅವನ ಲೆವೆಲ್ ಮೀರಬಾರದು. ಏಳನೇ ಲೆವೆಲ್‌ಗೆ ಸಿಆರ್ 7 ಅಂದರೆ ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಸಿಆರ್ 7 ಎಂದರೆ ಏಳನೇ ಲೆವೆಲ್ಲಿನ ನಾಲ್ಕು ಜನ ಒಟ್ಟಿಗೆ ನಿಂತು ಎದುರಿಸುವ ಒಂದು ಪ್ರಾಣಿ. ಪುಸ್ತಕದ ಅಂಕಿಯೇ ಅದನ್ನು ಹೇಳುತ್ತದೆ: ಸಿಆರ್ 7ರ ಪ್ರಾಣಿಗೆ 2,900 ಎಕ್ಸ್‌ಪಿ (ಗೆದ್ದರೆ ಸಿಗುವ ಅನುಭವದ ಅಂಕ), ಏಳನೇ ಲೆವೆಲ್ಲಿನ ನಾಲ್ವರಿಗೆ ಮಧ್ಯಮ ಕಾಳಗ ಎಂದರೆ ತಲಾ 750ರಂತೆ 3,000. ಎರಡೂ ಹತ್ತಿರ ಹತ್ತಿರ ಒಂದೇ. ನಾಲ್ವರ ಎದುರಾಳಿ ಎಂದು ತೂಗಿದ ಮೈಯನ್ನು ಸ್ಪೆಲ್ ಒಬ್ಬನಿಗೆ ತೊಡಿಸುತ್ತದೆ. ಸೇರಿನಲ್ಲಿ ಅಳೆಯಬೇಕಾದ್ದನ್ನು ಮೊಳದಲ್ಲಿ ಅಳೆದ ಹಾಗಾಯಿತು. ಮುಂದಿನ ತೊಂದರೆಗಳೆಲ್ಲ ಈ ಒಂದು ತಪ್ಪು ಅಳತೆಯ ಮಕ್ಕಳು.

ಇನ್ನೊಂದು ಕಾರಣ ನಮ್ಮಂಥವರ ಟೇಬಲ್‌ಗಳಲ್ಲೇ ಹೆಚ್ಚು. ಪಾಲಿಮಾರ್ಫ್ ನಾಲ್ಕನೇ ಲೆವೆಲ್ಲಿನ ಸ್ಪೆಲ್. ಏಳನೇ ಲೆವೆಲ್ಲಿನ ವಿಝರ್ಡ್‌ಗೆ ನಾಲ್ಕನೇ ಲೆವೆಲ್ಲಿನ ಸ್ಪೆಲ್ ಸ್ಲಾಟ್ (ಸ್ಪೆಲ್ ಹಾಕುವ ಅವಕಾಶ) ಇರುವುದು ಒಂದೇ. 2014ರ ಡಿಎಂ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರು) ಪುಸ್ತಕ ಆಟದೊಳಗಿನ ಒಂದು ದಿನದಲ್ಲಿ ಆರರಿಂದ ಎಂಟು ಕಾಳಗ ಇರುತ್ತದೆ ಎಂದು ಎಣಿಸಿ ಲೆಕ್ಕ ಕಟ್ಟಿದೆ. ಆರರಲ್ಲಿ ಒಂದು ಕಾಳಗಕ್ಕೆ ವಾನರ ಬಂದರೆ ಯಾರಿಗೂ ಬೇಸರವಿಲ್ಲ. ಆದರೆ ವಾರವಿಡೀ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿ ಭಾನುವಾರ ಮೂರು ಗಂಟೆ ಬಿಡುವು ಮಾಡಿಕೊಂಡು ಬರುವವರು, ಕತ್ತಲಾಗುವ ಮುಂಚೆ ಶಿರಾ ಬಸ್ಸೋ ಮಧುಗಿರಿ ಬಸ್ಸೋ ಹಿಡಿಯಬೇಕಾದವರು ಆರು ಕಾಳಗ ಎಲ್ಲಿ ಆಡುತ್ತಾರೆ? ಒಂದು ಕೂಟಕ್ಕೆ ಒಂದೇ ಕಾಳಗ. ಅದು ಮುಗಿಯುತ್ತಲೇ ಪಾತ್ರಗಳು ಮಲಗಿ ಏಳುತ್ತವೆ. ಆ ಒಂದು ಸ್ಲಾಟ್ ಪ್ರತಿ ಕಾಳಗಕ್ಕೂ ತುಂಬಿಕೊಂಡೇ ಬರುತ್ತದೆ. ನಿಯಮಕ್ಕೆ ಕೈ ಹಚ್ಚುವ ಮುಂಚೆ ಇದೊಂದನ್ನು ಬದಲಿಸಿ ನೋಡಿ: ಆಟದೊಳಗಿನ ದಿನವನ್ನು ಎರಡು ಮೂರು ಭಾನುವಾರಗಳಿಗೆ ಎಳೆಯಿರಿ. ಮಲಗಿ ಏಳಲು ಸುರಕ್ಷಿತ ಜಾಗ ಸಿಗುವವರೆಗೆ ಸ್ಲಾಟ್ ವಾಪಸ್ ಇಲ್ಲ ಎನ್ನಿ. ಪುಸ್ತಕದ ಒಂದಕ್ಷರ ಬದಲಾಗದೆ ಅರ್ಧ ಜಗಳ ನಿಂತುಹೋಗುತ್ತದೆ.

ಮೂರನೆಯದು ಹಳೆಯ ಕಾಯಿಲೆ. 2003ರ 3.5 ಆವೃತ್ತಿಯಲ್ಲಿ ಪಾಲಿಮಾರ್ಫ್ ಹಾಕಿಕೊಂಡ ಮಾಂತ್ರಿಕನಿಗೆ ಹೊಸ ರೂಪದ ತೋಳ್ಬಲ, ಚುರುಕು, ಮೈಗಟ್ಟಿತನ ಸಿಗುತ್ತಿತ್ತು. ಬುದ್ಧಿ ಮಾತ್ರ ತನ್ನದೇ ಉಳಿಯುತ್ತಿತ್ತು. ಬೀಸ್ಟ್ ವರ್ಗ ಮಾತ್ರ ಎಂಬ ಬೇಲಿಯೂ ಇರಲಿಲ್ಲ. ಮಾನ್ಸ್ಟರ್‌ಗಳ ಹೊಸ ಪುಸ್ತಕ ಒಂದು ಬಂದರೆ ಮಾಂತ್ರಿಕನ ಬತ್ತಳಿಕೆಗೆ ನೂರು ರೂಪ ತಾನಾಗಿ ಸೇರಿತು; ಫೈಟರ್‌ಗೆ ಆ ಪುಸ್ತಕದಿಂದ ಸಿಗುತ್ತಿದ್ದುದು ಹೊಡೆತ ಮಾತ್ರ. ಮಾನ್ಸ್ಟರ್ ಬರೆಯುವವರು ಅದನ್ನು ಎದುರಾಳಿ ಎಂದು ಬರೆಯುತ್ತಾರೆ, ಆಟಗಾರನ ಕೈಗೆ ಹೋದರೆ ಏನಾದೀತು ಎಂದು ತೂಗುವುದಿಲ್ಲ. 5ನೇ ಆವೃತ್ತಿಯವರು ಬೀಸ್ಟ್‌ಗಳಿಗೆ ಮಾತ್ರ ಎಂದು ಬೇಲಿ ಹಾಕಿದ್ದು ಒಳ್ಳೆಯದಾಯಿತು. ಆ ಬೇಲಿಯ ಒಂದು ಪರಿಣಾಮವನ್ನು ಡಿಎಂಗಳು ಗಮನಿಸುವುದು ಕಡಿಮೆ: 2014ರ ಮಾನ್ಸ್ಟರ್ ಪುಸ್ತಕದ ಬೀಸ್ಟ್‌ಗಳಲ್ಲಿ ಅತಿ ದೊಡ್ಡದು ಸಿಆರ್ 8ರ ಟೈರನೋಸಾರಸ್. ಅದರ ಮೇಲೆ ಬೀಸ್ಟ್‌ಗಳೇ ಇಲ್ಲ. ಹಾಗಾಗಿ ಈ ತೊಂದರೆಗೆ ಒಂದು ಕಾಲಮಿತಿ ಇದೆ. ಏಳರಿಂದ ಹತ್ತನೇ ಲೆವೆಲ್‌ವರೆಗೆ ಪಾಲಿಮಾರ್ಫ್ ಟೇಬಲ್ ಆಳುತ್ತದೆ. ಹನ್ನೆರಡು ದಾಟುವ ಹೊತ್ತಿಗೆ 136 ಎಚ್‌ಪಿ, ಎಸಿ (ಏಟು ತಾಗಲು ಡೈಸ್‌ನಲ್ಲಿ ಮುಟ್ಟಬೇಕಾದ ಅಂಕಿ) 13ರ ಟೈರನೋಸಾರಸ್ ಒಂದು ಒಳ್ಳೆಯ ಆಯ್ಕೆ, ಅಷ್ಟೇ. ಪ್ರಕೃತಿಯ ಮಾಂತ್ರಿಕರಾದ ಡ್ರೂಯಿಡ್‌ಗಳು ಪ್ರಾಣಿಯಾಗುವ ವೈಲ್ಡ್ ಶೇಪ್‌ನ ಏರುಕಾಲ ಇನ್ನೂ ಮುಂಚೆ, ಎರಡರಿಂದ ನಾಲ್ಕನೇ ಲೆವೆಲ್‌ವರೆಗೆ. ನಿಮ್ಮ ಆಟ ಈಗ ಯಾವ ಲೆವೆಲ್ಲಿನಲ್ಲಿದೆ, ಎಲ್ಲಿಗೆ ನಿಲ್ಲಿಸುತ್ತೀರಿ ಎಂದು ಮೊದಲು ನೋಡಿಕೊಳ್ಳಿ. ಹನ್ನೊಂದರಲ್ಲಿರುವ ಟೇಬಲ್‌ಗೆ ಹೊಸ ನಿಯಮ ತರುವುದು ಜ್ವರ ಇಳಿದ ಮೇಲೆ ಮಾತ್ರೆ ಕೊಡುವ ಕೆಲಸ.

ಮೊದಲನೇ ಆಯ್ಕೆ: 2014ರ ನಿಯಮ ಇದ್ದಂತೆ ಇರಲಿ, ಕಾಳಗವನ್ನು ಬದಲಿಸಿ

ಇದರ ಲಾಭ ದೊಡ್ಡದು. ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಳ್ಳಬೇಕಿಲ್ಲ. 2023ರಲ್ಲಿ ಈ ನಿಯಮಗಳ ಮೂಲಭಾಗವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದಾರೆ. ಪಾಲಿಮಾರ್ಫ್, ದೈತ್ಯ ವಾನರ, ಟೈರನೋಸಾರಸ್, ಕರಡಿ ಎಲ್ಲ ಅದರಲ್ಲಿದೆ. ಪುಸ್ತಕ ಕೊಳ್ಳಲಾಗದ ಕಾಲೇಜು ಹುಡುಗರಿಗೆ ಕಾಸಿನ ಖರ್ಚಿಲ್ಲದೆ ಸಿಗುತ್ತದೆ.

ನಿಯಮದೊಳಗೇ ಇರುವ ಕಡಿವಾಣಗಳನ್ನು ಬಹಳ ಡಿಎಂಗಳು ಬಳಸುವುದೇ ಇಲ್ಲ. ವಾನರನ ಎಸಿ ಬರೀ 12. ಬಿಲ್ಲು ಹಿಡಿದ ಹತ್ತು ಮಂದಿ ಸಾಮಾನ್ಯ ಸೈನಿಕರ ಬಾಣಗಳೂ ಹೆಚ್ಚುಪಾಲು ತಾಗುತ್ತವೆ. ಗಾತ್ರ ಹ್ಯೂಜ್, ಅಂದರೆ 15 ಅಡಿ ಅಗಲ, 15 ಅಡಿ ಉದ್ದದ ಜಾಗ ಬೇಕು. ಹತ್ತಡಿಯ ಓಣಿಗೆ ನುಗ್ಗಿದರೆ ಮೈ ಮುದುಡಿಕೊಳ್ಳಬೇಕು: ಅವನ ಏಟುಗಳಿಗೆ ಡಿಸ್‌ಅಡ್ವಾಂಟೇಜ್ (ಎರಡು ಬಾರಿ ಡೈಸ್ ಹಾಕಿ ಕಡಿಮೆಯದನ್ನು ಹಿಡಿಯುವುದು), ಅವನ ಮೇಲೆ ಬೀಳುವ ಏಟುಗಳಿಗೆ ಅಡ್ವಾಂಟೇಜ್ (ಹೆಚ್ಚಿನದನ್ನು ಹಿಡಿಯುವುದು). ಐದಡಿಯ ಬಾಗಿಲು ಅವನ ಪಾಲಿಗೆ ಗೋಡೆ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿದವರು ಆ ದಾರಿಯನ್ನೇ ನೆನೆಸಿಕೊಳ್ಳಿ: ಬಂಡೆಯಲ್ಲೇ ಕಡಿದ ಮೆಟ್ಟಿಲು, ಕಡಿದಾದ ಏರು, ಕೋಟೆಯ ಬಾಗಿಲುಗಳು, ಒಬ್ಬರ ಹಿಂದೊಬ್ಬರು ಹೋಗಬೇಕಾದ ಜಾಗಗಳು. ನಮ್ಮ ಜಿಲ್ಲೆಯ ದುರ್ಗಗಳ ನಕ್ಷೆ ಇಟ್ಟುಕೊಂಡು ಕಾಳಗ ಕಟ್ಟಿದರೆ ದೈತ್ಯ ವಾನರ ಬುಡದ ಬಯಲಿನಲ್ಲಿ ರಾಜ. ಮೇಲಿನ ಬಾಗಿಲಿನಲ್ಲಿ ಫೈಟರ್ ರಾಜ. ಇಬ್ಬರಿಗೂ ಒಂದೊಂದು ಗಳಿಗೆ ಸಿಕ್ಕಿತು.

ಇನ್ನೊಂದು ಕಡಿವಾಣ ವಾನರನ ಮುಷ್ಟಿಯಲ್ಲೇ ಇದೆ. ಆ ಗುದ್ದು ಮಾಂತ್ರಿಕ ಏಟಲ್ಲ. 2014ರ ವೇರ್‌ವುಲ್ಫ್‌ಗೆ, ಅಂದರೆ ತೋಳಮನುಷ್ಯನಿಗೆ, ಬೆಳ್ಳಿಯದ್ದೋ ಮಂತ್ರದ್ದೋ ಅಲ್ಲದ ಆಯುಧದ ಏಟು ತಾಗುವುದೇ ಇಲ್ಲ. 157 ಎಚ್‌ಪಿಯ ವಾನರ ಎಷ್ಟು ಗುದ್ದಿದರೂ ಅದಕ್ಕೆ ಒಂದು ಗೀರು ಬೀಳದು. ಮಂತ್ರದ ಕತ್ತಿ ಹಿಡಿದ ಫೈಟರ್ ಬೇಕೇ ಬೇಕು. ಡಿಸ್ಪೆಲ್ ಮ್ಯಾಜಿಕ್ (ಮಂತ್ರ ಬಿಡಿಸುವ ಸ್ಪೆಲ್) ಬಲ್ಲ ಎದುರಾಳಿ ಇದ್ದರೆ, ಮೂರನೇ ಲೆವೆಲ್ ಸ್ಲಾಟಿನಲ್ಲಿ ಹಾಕಿ ಡೈಸ್‌ನಲ್ಲಿ 14 ಮುಟ್ಟಿದರೆ ರೂಪವೇ ಕಳಚುತ್ತದೆ. ಆದರೆ ಈ ಕೊನೆಯದನ್ನು ಎಲ್ಲ ಕಾಳಗದಲ್ಲೂ ತಂದಿಟ್ಟರೆ ವಿಝರ್ಡ್ ಆಡುವವರಿಗೆ ಅದು ಶಿಕ್ಷೆಯಂತೆ ಕಾಣುತ್ತದೆ, ಅಪರೂಪಕ್ಕೆ ಇರಲಿ.

ಕಾನ್ಸಂಟ್ರೇಶನ್, ಅಂದರೆ ಸ್ಪೆಲ್ ಉಳಿಯಲು ಹಾಕಿದವನು ಹಿಡಿದಿಡಬೇಕಾದ ಏಕಾಗ್ರತೆ, ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ವಿಝರ್ಡ್ ತಾನೇ ವಾನರನಾದರೆ ವಾನರನ ಗಟ್ಟಿ ಮೈ ಅವನ ಕಾನ್ಸಂಟ್ರೇಶನ್ ಕಾಯುತ್ತದೆ, ಏಟು ಬಿದ್ದಾಗ ಅದನ್ನು ಉಳಿಸಿಕೊಳ್ಳಲು ಹಾಕುವ ಡೈಸ್‌ಗೆ, ಅಂದರೆ ಸೇವ್‌ಗೆ, +4 ಸಿಗುತ್ತದೆ. ಅದೇ ವಿಝರ್ಡ್ ತನ್ನ ಬದಲು ಫೈಟರ್‌ನನ್ನು ವಾನರನನ್ನಾಗಿ ಮಾಡಿದರೆ ಚಿತ್ರವೇ ಬೇರೆ. ಈಗ ವಾನರನ ಪ್ರಾಣ ಹಿಂದೆ ನಿಂತಿರುವ 44 ಎಚ್‌ಪಿಯ ಬಡಕಲು ಮೈಯಲ್ಲಿದೆ. ಅವನಿಗೆ ಒಂದು ಬಾಣ ಸರಿಯಾಗಿ ತಾಗಿ ಸೇವ್ ತಪ್ಪಿದರೆ ವಾನರ ಅಲ್ಲೇ ಮನುಷ್ಯ. ಉಳಿದವರು ವಿಝರ್ಡ್‌ನನ್ನು ಸುತ್ತುವರಿದು ಕಾಯಬೇಕು. ನಮ್ಮ ಕಡೆ ಹೇಳುವ ಒಂದು ಅಜ್ಜಿಕಥೆಯಲ್ಲಿ ಹೂವಿನ ಮರವಾಗುವ ಹುಡುಗಿ ಮತ್ತೆ ಹುಡುಗಿಯಾಗಬೇಕಾದರೆ ಇನ್ನೊಬ್ಬರು ಜತನದಿಂದ ನೀರು ಹೊಯ್ಯಬೇಕು. ಅಜಾಗರೂಕರ ಕೈಗೆ ಸಿಕ್ಕಾಗ ಅವಳು ಅರ್ಧದಲ್ಲೇ ಉಳಿಯುತ್ತಾಳೆ. ರೂಪ ಒಬ್ಬರದು, ಅದರ ಕಾವಲು ಇನ್ನೊಬ್ಬರದು. ನನ್ನ ಮಟ್ಟಿಗೆ ಪಾಲಿಮಾರ್ಫ್ ಆಡುವ ಅತ್ಯುತ್ತಮ ರೀತಿ ಇದು. "ಈ ಸ್ಪೆಲ್ಲನ್ನು ಜೊತೆಗಾರರ ಮೇಲೆ ಮಾತ್ರ ಹಾಕಬಹುದು, ನಿಮ್ಮ ಮೇಲೆ ಅಲ್ಲ" ಎಂಬ ಒಂದೇ ಸಾಲಿನ ಮನೆನಿಯಮ ಬೇರೆ ಹತ್ತು ತಿದ್ದುಪಡಿಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಫೈಟರ್ ಆಡುವವನಿಗೆ ಮೂಲೆಗೆ ಸರಿದ ಭಾವನೆಯೂ ಇಲ್ಲ, ವಾನರನೇ ಅವನು.

ಈ ಆಯ್ಕೆಯ ತೊಡಕು ಡಿಎಂನ ಸಮಯ. ಪ್ರತಿ ವಾರ ಜಾಗ, ಎದುರಾಳಿ, ಮಂತ್ರ ಎಲ್ಲವನ್ನೂ ವಾನರನನ್ನು ಕಣ್ಣಿನಲ್ಲಿಟ್ಟುಕೊಂಡೇ ಕಟ್ಟಬೇಕು. ಕೆಲಸ ಮುಗಿಸಿ ರಾತ್ರಿ ಮನೆ ಮುಟ್ಟುವ ಡಿಎಂಗೆ ಅದು ಭಾರ. ಮತ್ತೆ ಎರಡನೇ ಲೆವೆಲ್ಲಿನ ಮೂನ್ ಡ್ರೂಯಿಡ್ (ಪ್ರಾಣಿಯಾಗಿ ಕಾದುವುದರಲ್ಲಿ ನುರಿತ ಡ್ರೂಯಿಡ್ ಪಂಗಡ) ವಿಷಯದಲ್ಲಿ ಇದು ಸಾಲುವುದೂ ಇಲ್ಲ, ಯಾಕೆಂದರೆ ಕರಡಿ ಯಾವ ಬಾಗಿಲಿನಲ್ಲಾದರೂ ತೂರುತ್ತದೆ.

ಎರಡನೇ ಆಯ್ಕೆ: 2024ರ ತಿದ್ದುಪಡಿ

ವೈಲ್ಡ್ ಶೇಪ್‌ಗೆ ಇದೊಂದೇ ಸಾಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಮೂರನೇ ಲೆವೆಲ್ಲಿನ ಮೂನ್ ಡ್ರೂಯಿಡ್ ತೆಗೆದುಕೊಳ್ಳೋಣ, ಸ್ವಂತ ಎಚ್‌ಪಿ 24. 2014ರ ನಿಯಮದಲ್ಲಿ ಕಂದು ಕರಡಿಯ 34 ಎಚ್‌ಪಿ ಒಮ್ಮೆ, ಅದು ಮುಗಿದರೆ ಮತ್ತೊಮ್ಮೆ ಕರಡಿಯಾಗಿ ಇನ್ನೂ 34, ಕೊನೆಗೆ ತನ್ನ 24. ಒಟ್ಟು 92. ಒಂದು ಸಣ್ಣ ವಿಶ್ರಾಂತಿ ತೆಗೆದುಕೊಂಡರೆ ಎರಡೂ ಕರಡಿ ಮತ್ತೆ ತಯಾರು. ಅದೇ ಲೆವೆಲ್ಲಿನ ಫೈಟರ್‌ಗೆ 28. ಏಟು ತಿಂದು ನಿಲ್ಲುವುದೇ ಫೈಟರ್‌ನ ಕಸುಬು ಎಂದು ಆರಿಸಿಕೊಂಡು ಬಂದವನ ಎದುರು ಈ 92 ಎಷ್ಟು ಭಾರ ಎಂದು ಬಿಡಿಸಿ ಹೇಳಬೇಕಿಲ್ಲ.

2024ರ ನಿಯಮದಲ್ಲಿ ಡ್ರೂಯಿಡ್ ತನ್ನ ಎಚ್‌ಪಿಯನ್ನೇ ಇಟ್ಟುಕೊಳ್ಳುತ್ತಾನೆ. ರೂಪ ಬದಲಿಸಿದಾಗ ಸಿಗುವುದು ತಾತ್ಕಾಲಿಕ ಎಚ್‌ಪಿ: ಸಾಮಾನ್ಯ ಡ್ರೂಯಿಡ್‌ಗೆ ಲೆವೆಲ್ ಎಷ್ಟೋ ಅಷ್ಟು, ಮೂನ್ ಡ್ರೂಯಿಡ್‌ಗೆ ಅದರ ಮೂರರಷ್ಟು. ನಮ್ಮ ಉದಾಹರಣೆಯಲ್ಲಿ 24ರ ಮೇಲೆ 9, ಅಂದರೆ 33. ಎರಡನೇ ಬಾರಿ ರೂಪ ಬದಲಿಸಿದರೆ ಇನ್ನೊಂದು 9. ಫೈಟರ್‌ನ 28ರ ಪಕ್ಕದಲ್ಲಿ ಇದು ಜೊತೆಗಾರನ ಸಂಖ್ಯೆ. ಇಷ್ಟಾಗಿಯೂ ಕರಡಿ ಹುಲ್ಲಿನ ಗೊಂಬೆಯಾಗಿಲ್ಲ: ಮೂನ್ ಡ್ರೂಯಿಡ್‌ನ ಎಸಿ 13ಕ್ಕೆ ವಿಸ್ಡಮ್ (ವಿವೇಕ) ಬೋನಸ್ ಸೇರಿಸಿದಷ್ಟು ಆಗುತ್ತದೆ, ಹಳೆಯ ಕರಡಿಯ 11ಕ್ಕಿಂತ ಎಷ್ಟೋ ಮೇಲು. ಎಚ್‌ಪಿಯ ಗುಡ್ಡವನ್ನು ಇಳಿಸಿ ತಪ್ಪಿಸಿಕೊಳ್ಳುವ ಚುರುಕನ್ನು ಏರಿಸಿದ್ದಾರೆ. ಇದು ಚೆಂದದ ಅದಲುಬದಲು.

ಇನ್ನೊಂದು ಬದಲಾವಣೆ ಟೇಬಲ್‌ನ ಸಮಯ ಉಳಿಸುತ್ತದೆ. ಎರಡನೇ ಲೆವೆಲ್ಲಿನ ಡ್ರೂಯಿಡ್‌ಗೆ ಗೊತ್ತಿರುವ ರೂಪಗಳು ನಾಲ್ಕು ಮಾತ್ರ, ನಾಲ್ಕನೇ ಲೆವೆಲ್‌ಗೆ ಆರು, ಎಂಟಕ್ಕೆ ಎಂಟು. ಹಿಂದೆಲ್ಲ ಕಾಳಗದ ನಡುವೆ ಮಾನ್ಸ್ಟರ್ ಪುಸ್ತಕ ತಿರುವಿ ಹಾಕುತ್ತ ಕೂತವರಿಗಾಗಿ ಉಳಿದವರು ಕಾಯಬೇಕಿತ್ತು. ಮೂರು ಗಂಟೆಯ ಕೂಟದಲ್ಲಿ ಆ ಕಾಯುವಿಕೆಯೂ ಒಂದು ಅಸಮತೋಲನವೇ. ಮಾತಾಡುವ ಹೊತ್ತು ಒಬ್ಬರದೇ ಆಗುತ್ತದೆ.

ಪಾಲಿಮಾರ್ಫ್ ವಿಷಯದಲ್ಲಿ ಮಾತ್ರ 2024 ಅರ್ಧ ದಾರಿಗೆ ನಿಂತಿದೆ. ಅಲ್ಲೂ ತಾತ್ಕಾಲಿಕ ಎಚ್‌ಪಿ ತಂದಿದ್ದಾರೆ, ಆದರೆ ಪ್ರಾಣಿಯ ಎಚ್‌ಪಿ ಎಷ್ಟೋ ಅಷ್ಟೂ. ದೈತ್ಯ ವಾನರನ ಗುಡ್ಡ ಹಾಗೇ ಇದೆ. ಅದು ಕರಗಿದ ಮೇಲೆ ಸ್ಪೆಲ್ ಮುಗಿಯುತ್ತದೆ. ಒಂದು ವ್ಯತ್ಯಾಸ ನಿಜಕ್ಕೂ ಕೆಲಸ ಮಾಡುತ್ತದೆ: ತಾತ್ಕಾಲಿಕ ಎಚ್‌ಪಿಯನ್ನು ಚಿಕಿತ್ಸೆಯಿಂದ ತುಂಬಲಾಗದು. ಹಿಂದೆ ಕ್ಲೆರಿಕ್ ವಾನರನ ಗಾಯ ಮಾಯಿಸುತ್ತ ಕಾಳಗ ಮುಗಿಯುವವರೆಗೂ ಎಳೆಯಬಹುದಿತ್ತು, ಈಗಿಲ್ಲ. ಆದರೂ ಮೊದಲ ಮೂರು ಸುತ್ತಿನಲ್ಲಿ ಫೈಟರ್‌ನ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಹಾಗಾಗಿ ಪಾಲಿಮಾರ್ಫ್‌ಗೆ 2024 ಸಾಕು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

2024ರ ನಿಯಮಗಳ ಮೂಲಭಾಗವೂ 2025ರಲ್ಲಿ ಮುಕ್ತವಾಗಿ ಬಂದಿದೆ. ಅದರಲ್ಲಿರುವುದು ಸರ್ಕಲ್ ಆಫ್ ದ ಲ್ಯಾಂಡ್ ಎಂಬ ಪಂಗಡದ ಡ್ರೂಯಿಡ್ ಮಾತ್ರ. ಮೂನ್ ಬೇಕಾದರೆ ಪುಸ್ತಕ ಬೇಕು. ಹೊಸಬರ ಟೇಬಲ್‌ಗೆ ಇದು ಒಂದು ರೀತಿಯಲ್ಲಿ ಅನುಕೂಲವೇ.

ಮೂರನೇ ಆಯ್ಕೆ: ರೂಪಗಳ ಪಟ್ಟಿ ನೀವೇ ಮಾಡಿ

ಪುಸ್ತಕದ ಸಿಆರ್ ಮಿತಿಯನ್ನು ಮರೆತುಬಿಡುವುದು, ಈ ಲೆವೆಲ್ಲಿನಲ್ಲಿ ಈ ರೂಪಗಳು ಎಂದು ಡಿಎಂ ಆಟಗಾರರೊಂದಿಗೆ ಕೂತು ಬರೆಯುವುದು. ಕೆಲವರು ಇದಕ್ಕೆ ಸೂತ್ರ ಹಚ್ಚುತ್ತಾರೆ, ಸಿಆರ್ ಲೆವೆಲ್ಲಿನ ಅರ್ಧ ಇರಲಿ ಎಂದು. ಏಳನೇ ಲೆವೆಲ್ಲಿನಲ್ಲಿ ಆಗ ಸಿಗುವುದು ಸಿಆರ್ 3ರ ದೈತ್ಯ ಚೇಳು, 52 ಎಚ್‌ಪಿ. ನಾಲ್ಕನೇ ಲೆವೆಲ್ಲಿನ ದುಬಾರಿ ಸ್ಪೆಲ್‌ಗೆ ಅದು ಸ್ವಲ್ಪ ಸಪ್ಪೆ. ಕೈಯಾರೆ ಆರಿಸಿದರೆ ಸಿಆರ್ 4ರ ಆನೆಗೆ ಒಪ್ಪಬಹುದು: 76 ಎಚ್‌ಪಿ, ಎಸಿ 12, ದಂತದ ತಿವಿತಕ್ಕೆ 3ಡಿ8+6. ಆನೆಯಾದವನು ಕಾಳಗದಲ್ಲಿ ದೊಡ್ಡವನಾಗಿ ಕಾಣುತ್ತಾನೆ, ಫೈಟರ್ ಸಣ್ಣವನಾಗುವುದಿಲ್ಲ. ಸೂತ್ರಕ್ಕಿಂತ ಕೈಪಟ್ಟಿಯೇ ವಾಸಿ ಎನ್ನಲು ಕಾರಣ ಇದೇ. ಒಂದೇ ಸಿಆರ್‌ನ ಎರಡು ಪ್ರಾಣಿಗಳ ನಡುವೆ ಎಚ್‌ಪಿ, ಏಟು, ಹಾರಾಟ ಎಲ್ಲ ಬೇರೆ ಬೇರೆ.

ನಮ್ಮ ಟೇಬಲ್ ಕೊನೆಗೆ ನಿಂತದ್ದು ಇಲ್ಲೇ, ಮತ್ತು ಇದರಲ್ಲಿ ನನಗೆ ತುಂಬ ಇಷ್ಟವಾದ ಸಂಗತಿಯೊಂದಿದೆ. 2014ರ ವೈಲ್ಡ್ ಶೇಪ್ ನಿಯಮದಲ್ಲೇ "ಡ್ರೂಯಿಡ್ ಹಿಂದೆ ಕಂಡ ಪ್ರಾಣಿ" ಎಂಬ ಷರತ್ತಿದೆ. ಹೆಚ್ಚಿನವರು ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಅದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಆಟ ನಮ್ಮ ಮಣ್ಣಿಗೆ ಬರುತ್ತದೆ. ದೇವರಾಯನದುರ್ಗದ ಕಾಡಿನಲ್ಲಿ ಹುಟ್ಟಿ ಬೆಳೆದ ಡ್ರೂಯಿಡ್ ಏನೇನು ಕಂಡಿರುತ್ತಾನೆ? ಕರಡಿ, ಚಿರತೆ, ಕಾಡುಹಂದಿ, ಹದ್ದು, ನಾಗರಹಾವು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲು ದಾಟಿದವನಾದರೆ ಕೃಷ್ಣಮೃಗ. ಟೈರನೋಸಾರಸ್ ಬೇಕೆಂದರೆ ಕಥೆಯೊಳಗೆ ಅದನ್ನು ಹುಡುಕಿಕೊಂಡು ಹೋಗಬೇಕು, ಹತ್ತಿರದಿಂದ ನೋಡಬೇಕು, ಬದುಕಿ ಬರಬೇಕು. ಆ ಪ್ರಯಾಣ ಎಲ್ಲರದೂ ಆಗುತ್ತದೆ, ಫೈಟರ್ ದಾರಿ ಬಿಡಿಸುತ್ತಾನೆ, ಕಳ್ಳನ ಪಾತ್ರದವನು ಗೂಡಿನೊಳಗೆ ಇಣುಕುತ್ತಾನೆ. ಹೀಗೆ ಗಳಿಸಿದ ರೂಪವನ್ನು ಮೊದಲ ಬಾರಿ ತೊಟ್ಟಾಗ ಟೇಬಲ್‌ನಲ್ಲಿ ಯಾರೂ ಮುಖ ಸಣ್ಣ ಮಾಡುವುದಿಲ್ಲ, ಯಾಕೆಂದರೆ ಅದರಲ್ಲಿ ಎಲ್ಲರ ಪಾಲೂ ಇದೆ.

ಪ್ರತಿ ರೂಪಕ್ಕೂ ಅಂಗೈ ಅಗಲದ ಒಂದು ಕಾರ್ಡ್ ಮಾಡಿ: ಹೆಸರು, ಎಸಿ, ಎಚ್‌ಪಿ, ಓಟ, ಏಟು, ಒಂದು ವಿಶೇಷ ಗುಣ. ಕನ್ನಡದಲ್ಲೇ ಬರೆಯಿರಿ. ಹಳ್ಳಿಯಿಂದ ಬಂದ ಹೊಸ ಆಟಗಾರರಿಗೆ ಇಂಗ್ಲಿಷಿನ ಸಣ್ಣಕ್ಷರದ ಪುಟಕ್ಕಿಂತ "ಕರಡಿ: ಕಚ್ಚು, ಪರಚು" ಎಂಬ ಕಾರ್ಡ್ ಹತ್ತು ಪಟ್ಟು ಬೇಗ ಕೈಗೆ ಹತ್ತುತ್ತದೆ.

ದೋಷವೂ ಇದೆ. ಪಟ್ಟಿ ಡಿಎಂನ ಮನಸ್ಸಿನ ಮೇಲೆ ನಿಂತಿದೆ. ಡಿಎಂ ಮೇಲೆ ನಂಬಿಕೆ ಇನ್ನೂ ಬೆಳೆಯದ ಹೊಸ ಟೇಬಲ್‌ನಲ್ಲಿ "ನಂಗ್ಯಾಕಣ್ಣ ಅದಿಲ್ಲ?" ಎಂಬ ಮಾತು ಬಂದೇ ಬರುತ್ತದೆ. ಅಂಥ ಕಡೆ ಮುದ್ರಿತ ನಿಯಮವೇ ಒಳ್ಳೆಯದು.

ನಾಲ್ಕನೇ ಆಯ್ಕೆ: ಪಾಥ್‌ಫೈಂಡರ್‌ನ ಕಟ್ಟಿಟ್ಟ ರೂಪಗಳು

ಇದೇ ಬಗೆಯ ಇನ್ನೊಂದು ಆಟ ಪಾಥ್‌ಫೈಂಡರ್‌ನ 2019ರ ಎರಡನೇ ಆವೃತ್ತಿ ಈ ಗಂಟನ್ನು ಬೇರೆ ಕಡೆಯಿಂದ ಬಿಚ್ಚಿದೆ. ಅಲ್ಲಿ ರೂಪ ಬದಲಿಸಿದವನು ಮಾನ್ಸ್ಟರ್ ಪುಸ್ತಕ ತೆರೆಯುವುದೇ ಇಲ್ಲ. ಸ್ಪೆಲ್ಲಿನೊಳಗೇ ಎಲ್ಲ ಅಂಕಿ ಬರೆದಿದೆ. ಎರಡನೇ ರ್‍ಯಾಂಕಿನ ಅನಿಮಲ್ ಫಾರ್ಮ್ ನೋಡಿ, ಮೂರನೇ ಲೆವೆಲ್‌ಗೆ ಸಿಗುತ್ತದೆ: ಎಸಿ 16ಕ್ಕೆ ಲೆವೆಲ್ ಸೇರಿಸಿದಷ್ಟು, ತಾತ್ಕಾಲಿಕ ಎಚ್‌ಪಿ 5, ಏಟಿಗೆ +9, ಕಾಲ ಒಂದು ನಿಮಿಷ. ಕರಡಿಯನ್ನು ಆರಿಸಿದರೆ ಕಚ್ಚಿಗೆ 2ಡಿ8, ಪರಚಿಗೆ 1ಡಿ8. ಅದೇ ಮೂರನೇ ಲೆವೆಲ್ಲಿನ ಫೈಟರ್ ಮಂತ್ರದ ಆಯುಧ ಇಲ್ಲದೆಯೇ +11 ಹಾಕಿ ಹೊಡೆಯುತ್ತಾನೆ. ರೂಪ ತೊಟ್ಟವನು ಮಾತಾಡುವಂತಿಲ್ಲ, ಸ್ಪೆಲ್ ಹಾಕುವಂತಿಲ್ಲ. ಆರನೇ ರ್‍ಯಾಂಕಿನ ಡ್ರ್ಯಾಗನ್ ಫಾರ್ಮ್‌ನಲ್ಲೂ ಇದೇ ಶಿಸ್ತು: ಎಸಿ 18ಕ್ಕೆ ಲೆವೆಲ್, ತಾತ್ಕಾಲಿಕ ಎಚ್‌ಪಿ 10. ಡ್ರ್ಯಾಗನ್ ಆಗಬಹುದು, ಹಾರಬಹುದು, ಬೆಂಕಿ ಉಗುಳಬಹುದು. ಫೈಟರ್‌ನ ಕುರ್ಚಿ ಮಾತ್ರ ಅವನದೇ. ಎಷ್ಟು ಹೊಸ ಮಾನ್ಸ್ಟರ್ ಪುಸ್ತಕ ಬಂದರೂ ಈ ಸ್ಪೆಲ್ ಒಂದಿಂಚು ಬೆಳೆಯುವುದಿಲ್ಲ.

ಸಮತೋಲನವೊಂದನ್ನೇ ತೂಗುವುದಾದರೆ ಇದಕ್ಕೆ ಸಮನಾದದ್ದು ಇಲ್ಲ. ನನ್ನ ಅಳುಕು ಬೇರೆ ಕಡೆ ಇದೆ. ಬುದ್ಧಿವಂತ ಆಟಗಾರರು "ಮಂತ್ರವಾದಿಯಾಗಿಯೇ ಇದ್ದರೆ ಇದಕ್ಕಿಂತ ಹೆಚ್ಚು ಕೆಲಸ ಆಗುತ್ತಿತ್ತು" ಎಂದು ಲೆಕ್ಕ ಹಾಕಿ ರೂಪವನ್ನೇ ಬಿಟ್ಟುಬಿಡುತ್ತಾರೆ. ಮೈ ಬದಲಾದಾಗ ಆಗಬೇಕಾದ ರೋಮಾಂಚನ ಅಂಕಿಗಳಲ್ಲಿ ಕಡಿಮೆ ಸಿಗುತ್ತದೆ. 2009ರಲ್ಲಿ ಡಿ ಆ್ಯಂಡ್ ಡಿ ನಾಲ್ಕನೇ ಆವೃತ್ತಿಗೆ ಬಂದ ಡ್ರೂಯಿಡ್ ಇನ್ನೂ ಮುಂದೆ ಹೋಗಿ, ಮೃಗವಾದರೂ ಮೂಲ ಅಂಕಿ ಬದಲಾಗದಂತೆ ಮಾಡಿದ್ದ. ಸಮತೋಲನ ಪೂರ್ತಿ ಸಿಕ್ಕಿತು. ತೋಳಕ್ಕೂ ಕರಡಿಗೂ ಕೈಯಲ್ಲಿ ವ್ಯತ್ಯಾಸ ತಿಳಿಯಲಿಲ್ಲ. ಪಾಥ್‌ಫೈಂಡರ್ ಅಷ್ಟು ದೂರ ಹೋಗಿಲ್ಲ ಎಂಬುದು ಸಮಾಧಾನ. ನಿಯಮಗಳೆಲ್ಲ ಅಧಿಕೃತವಾಗಿಯೇ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಆದರೆ ಒಂದು ಸ್ಪೆಲ್ಲಿಗಾಗಿ ಇಡೀ ಆಟ ಬದಲಿಸಲು ಹೊರಡಬೇಡಿ. ಹೊಸ ಅಭಿಯಾನ ಶುರುಮಾಡುವಾಗ, ಟೇಬಲ್‌ನಲ್ಲಿ ಲೆಕ್ಕ ಇಷ್ಟಪಡುವವರೇ ಹೆಚ್ಚಿದ್ದರೆ ಇದನ್ನು ಆರಿಸಿ.

ಐದನೆಯದು, ಹಗುರ ನಿಯಮದವರಿಗೆ

ಡಂಜನ್ ವರ್ಲ್ಡ್ ಎಂಬ ಇನ್ನೊಂದು ಆಟದ ಡ್ರೂಯಿಡ್ ರೂಪ ಬದಲಿಸಲು ಡೈಸ್ ಹಾಕುತ್ತಾನೆ. 10 ಅಥವಾ ಮೇಲೆ ಬಿದ್ದರೆ ಮೂರು ಹೋಲ್ಡ್, 7ರಿಂದ 9ಕ್ಕೆ ಎರಡು, ಅದಕ್ಕೂ ಕೆಳಗೆ ಒಂದು, ಜೊತೆಗೆ ಒಂದು ಆಪತ್ತು. ಆ ಪ್ರಾಣಿ ಏನು ಮಾಡಬಲ್ಲದು ಎಂದು ಜಿಎಂ (ಈ ಆಟದ ಡಿಎಂ) ಹೇಳುತ್ತಾರೆ. ಒಂದೊಂದು ಹೋಲ್ಡ್ ಖರ್ಚು ಮಾಡಿದಾಗ ಒಂದೊಂದು ಸಾಹಸ. ಹೋಲ್ಡ್ ಮುಗಿದರೆ ರೂಪ ಕಳಚುತ್ತದೆ. ಎಚ್‌ಪಿ ಗುಡ್ಡದ ಪ್ರಶ್ನೆಯೇ ಏಳುವುದಿಲ್ಲ. ಪಾತ್ರ ಯಾವ ನಾಡಿನಲ್ಲಿ ಬೆಳೆಯಿತೋ ಆ ನಾಡಿನ ಪ್ರಾಣಿಗಳಾಗುತ್ತದೆ ಎಂಬ ನಿಯಮವೂ ಅದರಲ್ಲಿದೆ. ಕಾಲೇಜು ಹಬ್ಬದಲ್ಲಿ ಒಂದು ಮಧ್ಯಾಹ್ನಕ್ಕೆ ಆಡಿಸಲು, ಮಕ್ಕಳೊಂದಿಗೆ ಆಡಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಕಾಳಗವನ್ನು ಚೌಕ ಚೌಕವಾಗಿ ಎಣಿಸಿ ಆಡುವವರಿಗೆ ಇದು ಒಗ್ಗದು.

ಬೇರೆ ಮೂರು ರೂಪಗಳು

ಎದುರಾಳಿಯನ್ನು ಕಪ್ಪೆ ಮಾಡುವ ಪಾಲಿಮಾರ್ಫ್ ಬಗ್ಗೆ ಡಿಎಂಗಳು ದೂರುತ್ತಾರೆ. ನನಗೆ ಅದು ದೊಡ್ಡ ತೊಂದರೆಯಾಗಿ ಕಂಡಿಲ್ಲ. ಎದುರಾಳಿಗೆ ಸೇವ್ ಇದೆ, ಕಪ್ಪೆಗೆ ಏಟು ಬಿದ್ದರೆ ಮತ್ತೆ ಪೂರ್ತಿ ಎದುರಾಳಿ. ಯಾರ ಕೆಲಸವೂ ಹೋಗಲಿಲ್ಲ, ಎಲ್ಲರಿಗೂ ಉಸಿರಾಡಲು ಸಮಯ ಸಿಕ್ಕಿತು.

ವೇರ್‌ವುಲ್ಫ್ ಕಚ್ಚಿ ಆಟಗಾರನೇ ತೋಳನಾಗುವುದು ಮಾತ್ರ ಅಪಾಯ. ಸ್ಲಾಟ್ ಖರ್ಚಿಲ್ಲ, ಸಮಯದ ಮಿತಿಯಿಲ್ಲ, 2014ರ ನಿಯಮದಲ್ಲಿ ಸಾಮಾನ್ಯ ಆಯುಧದ ಏಟೂ ತಾಗದು. ಮೂರನೇ ಲೆವೆಲ್ಲಿನ ಪಾತ್ರಕ್ಕೆ ಇದು ಸಿಕ್ಕರೆ ಡಿಎಂ ತಂದಿಡುವ ಮುಕ್ಕಾಲು ಎದುರಾಳಿಗಳು ಅವನ ಪಾಲಿಗೆ ಇಲ್ಲದಂತೆ. ಕಥೆಗೆ ಬೇಕೇ ಬೇಕಾದರೆ ಆ ರಕ್ಷಣೆಯನ್ನು ತೆಗೆದು, ಹುಣ್ಣಿಮೆಯ ರಾತ್ರಿ ಪಾತ್ರವನ್ನು ಡಿಎಂ ಕೈಗೆ ಕೊಡುವ ಒಪ್ಪಂದ ಮೊದಲೇ ಮಾಡಿಕೊಳ್ಳಿ.

ಹದಿನೇಳನೇ ಲೆವೆಲ್‌ಗೆ ಬರುವ ಶೇಪ್‌ಚೇಂಜ್, ಟ್ರೂ ಪಾಲಿಮಾರ್ಫ್ ಹಾಕಿ 256 ಎಚ್‌ಪಿಯ ಕೆಂಪು ಡ್ರ್ಯಾಗನ್ ಆಗುವವರನ್ನು ತಡೆಯಬೇಡಿ. ಅಲ್ಲಿಗೆ ಬರುವ ಹೊತ್ತಿಗೆ ಎಲ್ಲರೂ ಲೋಕ ಅಲ್ಲಾಡಿಸುವವರೇ. ಟ್ರೂ ಪಾಲಿಮಾರ್ಫ್ ಒಂದು ಗಂಟೆ ಪೂರ್ತಿ ಹಿಡಿದರೆ ರೂಪ ಖಾಯಂ ಆಗುತ್ತದೆ ಎಂಬುದನ್ನಷ್ಟೇ ನೆನಪಿಡಿ: ಯಾರಾದರೂ ಫೈಟರ್‌ನನ್ನು ಖಾಯಂ ಡ್ರ್ಯಾಗನ್ ಮಾಡಲು ಹೊರಟರೆ ಮೊದಲು ಫೈಟರ್ ಆಡುವವರ ಒಪ್ಪಿಗೆ ಕೇಳಿ.

ಯಾರಿಗೆ ಯಾವುದು

ಇದೇ ತಿಂಗಳು ಶುರುಮಾಡುವ ಹೊಸಬರಾದರೆ 2024ರ ನಿಯಮ, ಜೊತೆಗೆ ಪಾಲಿಮಾರ್ಫ್ ಜೊತೆಗಾರರ ಮೇಲೆ ಮಾತ್ರ ಎಂಬ ಒಂದು ಸಾಲು. ವರ್ಷಗಳಿಂದ ಒಟ್ಟಿಗೆ ಆಡುತ್ತಿರುವ, 2014ರ ಪುಸ್ತಕಗಳು ಕೈಯಲ್ಲಿರುವ ಟೇಬಲ್ ಆದರೆ ಕೈಪಟ್ಟಿ ಮತ್ತು ಕಾರ್ಡುಗಳು. ಮೂನ್ ಡ್ರೂಯಿಡ್ ಇದ್ದರೆ 2024ರ ತಾತ್ಕಾಲಿಕ ಎಚ್‌ಪಿ ನಿಯಮವನ್ನು ಅದಕ್ಕೆ ಮಾತ್ರ ತಂದುಕೊಳ್ಳಿ, ಎರಡು ಆವೃತ್ತಿ ಬೆರೆಸಿದರೆ ಏನೂ ಕೆಡುವುದಿಲ್ಲ. ತಯಾರಿಗೆ ಬಿಡುವಿರುವ ಡಿಎಂ, ನಕ್ಷೆ ಬರೆಯುವುದರಲ್ಲಿ ಸಂತೋಷ ಕಾಣುವವರಾದರೆ ಮೊದಲ ಆಯ್ಕೆಯೇ ಸಾಕಾಗುತ್ತದೆ. ಅದೇ ಊರಿನಲ್ಲಿ ಎರಡು ಟೇಬಲ್ ಇದ್ದು ಆಟಗಾರರು ಅಲ್ಲಿಂದಿಲ್ಲಿಗೆ ಓಡಾಡುವಂತಿದ್ದರೆ ಎರಡೂ ಕಡೆಯ ಡಿಎಂಗಳು ಕೂತು ಒಂದೇ ನಿಯಮ ಇಟ್ಟುಕೊಳ್ಳುವುದು ಮೇಲು.

ನಿಯಮ ಬದಲಿಸುವ ಹೊತ್ತೂ ಮುಖ್ಯ. ಕಾಳಗದ ನಡುವೆ, ವಾನರ ಎದ್ದು ನಿಂತ ಮೇಲೆ, "ಇವತ್ತಿಂದ ಇದಿಲ್ಲ" ಎನ್ನಬೇಡಿ. ಕಥೆಯ ಒಂದು ಭಾಗ ಮುಗಿದು ಚಹಾ ಕುಡಿಯುವಾಗ ಮಾತು ತೆಗೆಯಿರಿ, ಮೊದಲು ವಿಝರ್ಡ್ ಅಥವಾ ಡ್ರೂಯಿಡ್ ಆಡುವವರ ಹತ್ತಿರ, ಆಮೇಲೆ ಎಲ್ಲರ ಎದುರು. ಹೊಸ ನಿಯಮದಿಂದ ಅವರ ಸ್ಪೆಲ್ ಸಪ್ಪೆಯಾಯಿತು ಅನಿಸಿದರೆ ಬೇರೆ ಸ್ಪೆಲ್ ಆರಿಸಿಕೊಳ್ಳಲು ಬಿಡಿ. ಡ್ರೂಯಿಡ್‌ಗೆ ಸರ್ಕಲ್ ಬದಲಿಸಲು ಬಿಡಿ, ಎಂಟನೇ ಲೆವೆಲ್ಲಿನಲ್ಲಾದರೂ ಸರಿ. ಎರಡು ಕೂಟ ಆಡಿ ನೋಡಿ ಮತ್ತೆ ಕೇಳಿ. ಆಗ ಫೈಟರ್ ಆಡುವವರನ್ನು ಬೇರೆಯಾಗಿ ಕೇಳಲು ಮರೆಯಬೇಡಿ, ಸುಮ್ಮನೆ ಕೂತವರು ಒಪ್ಪಿದ್ದಾರೆ ಎಂದು ತಿಳಿಯುವುದು ಸರಿಯಲ್ಲ.